ಆಟೋ ಇನ್‌ಸ್ಟಾಲ್ ಫೈಲಿನಾಗ ವಿಂಡೋಸ್ ಕೀ ಬರದಿಡೋದು ಸರಿಯೇನ್ರಿ?

ಭೋಸರಿ_ಶಿಫ್ಟ್2 (ಪುಣೆ)

ನಮಸ್ಕಾರ್ರಿ ಎಲ್ಲಾರಿಗೂ. ಭೋಸರಿ ಎಂಐಡಿಸಿ ಇಂಡಸ್ಟ್ರಿಯಲ್ ಏರಿಯಾದಾಗ ಒಂದು ಆಟೋ ಪಾರ್ಟ್ಸ್ ಕಂಪನಿ, ಅಲ್ಲಿ ಐಟಿ ನಂದು. ಐಟಿ ಡಿಪಾರ್ಟ್‌ಮೆಂಟ್ ಅಂದ್ರ ನಾನು, ಮತ್ತ ಒಬ್ಬ ಟ್ರೇನಿ ಹುಡುಗ, ಅಷ್ಟ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕನ ಮುಗಿದೈತಿ, ಮಾಲಕರಿಗೆ ಈಗ ಎಚ್ಚರ ಆಗೇತಿ. ಸುಮಾರು 70 ಮಷಿನ್‌ಗೆ 11 ಹಾಕಬೇಕು. ಗುರುವಾರ ಇಲ್ಲೆ ವಾರದ ರಜಾ, ಲೈನ್ ಬಂದ್ ಇರ್ತೈತಿ, ಅವತ್ತ ಮಾಡೋದು.

ಹಿಂದಿದ್ದವರು ಒಂದು ಲಿನಕ್ಸ್ ಮಷಿನ್ ಮ್ಯಾಲ ಪಿಎಕ್ಸ್‌ಇ ಬೂಟು, ಸಾಂಬಾ ಶೇರು (ನೆಟ್‌ವರ್ಕ್‌ಲೆ ತೆಗಿಯೋ ಫೋಲ್ಡರ್) ಎಲ್ಲಾ ಕಟ್ಟಿಟ್ಟು ಹೋಗ್ಯಾರ. ನೆಟ್‌ವರ್ಕ್‌ಲೆ ಬೂಟ್ ಮಾಡಿದ್ರ ಸಾಕು, ಕೈ ಹಚ್ಚದ ಇನ್‌ಸ್ಟಾಲ್ ಆಗ್ತೈತಿ. ಭಾಳ ಚಲೋ. ಆದ್ರ ಸೆಟಪ್ ಕೇಳೋದಕ್ಕೆಲ್ಲಾ ಮೊದಲ ಉತ್ತರ ಬರದಿಟ್ಟ ಅನ್‌ಅಟೆಂಡ್ ಎಕ್ಸ್‌ಎಂಎಲ್ ಫೈಲ್ ತೆಗದು ನೋಡಿದ್ರ ಕಂಪನಿಯ ಎಂಎಕೆ ಕೀ (ಭಾಳ ಮಷಿನ್‌ಗೆ ನಡಿಯೋ ಒಂದ ವಿಂಡೋಸ್ ಕೀ), 25 ಅಕ್ಷರಾನೂ, ಹಂಗ ಬರದಾರ. ಆ ಶೇರ್ ನೋಡಾಕ ಪಾಸ್‌ವರ್ಡೂ ಬ್ಯಾಡ, ಗೆಸ್ಟ್ ಆಗಿ ಒಳಗ ಹೋಗಬಹುದು. ಟೂಲ್‌ರೂಮಿನ ಹುಡುಗ ಒಬ್ಬ ಆ ಫೈಲ್ ತೆಗದು "ಇದೇನ್ರಿ ಸರ, ಲಾಟರಿ ನಂಬರೇನು?" ಅಂತ ಕೇಳಿದ.

ಎಲ್ಲಾರೂ ಹಿಂಗ ಇಡ್ತಾರೇನು? ಕೀ ತೆಗದ್ರ ಇನ್‌ಸ್ಟಾಲ್ ನಡುವ ನಿಂತು ಕೀ ಕೇಳ್ತೈತಲ್ಲ, ಆವಾಗ 70 ಮಷಿನ್ ಮುಂದ ಕುಂತು ಯಾರು ಟೈಪ್ ಮಾಡಬೇಕು?

ಡೊಂಬಿವಿಲಿ_ಸ್ಲೋ (ಮುಂಬೈ)

ಗೆಸ್ಟ್‌ಗೂ ಬಾಗಿಲು ತೆಗೆದಿಟ್ಟು ಹೋಗಿದ್ದಾರೆ ಅಂದ್ರೆ ನಿಮ್ಮ ಹಿಂದಿನವರು ದಾನಶೂರ ಕರ್ಣ.

ವೆರ್ಣಾ_1688 (ಗೋವಾ)

ಮೊದಲು ಯಾವ ಕೀ ಅನ್ನೋದು ಬಿಡಿಸಿಕೊಳ್ಳೋಣ, ಇಲ್ಲದಿದ್ರೆ ಚರ್ಚೆ ಎಲ್ಲೆಲ್ಲೋ ಹೋಗುತ್ತೆ.

ಬ್ರಾಂಡೆಡ್ ಮಷಿನ್ ಜೊತೆ ಬರೋ ಒಇಎಂ ಕೀ ವಿಂಡೋಸ್ 8ರ ಕಾಲದಿಂದ ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲೇ ಕೂತಿರುತ್ತೆ, ಎಂಎಸ್‌ಡಿಎಂ ಅನ್ನೋ ಎಸಿಪಿಐ ಟೇಬಲ್‌ನಲ್ಲಿ. ಸೆಟಪ್ ಅದನ್ನ ತಾನೇ ಓದಿಕೊಳ್ಳುತ್ತೆ, ನೀವು ಏನೂ ಬರೆಯಬೇಕಿಲ್ಲ. ಎಂಎಕೆ ಹಾಗಲ್ಲ. ಇಷ್ಟು ಸಲ ಆ್ಯಕ್ಟಿವೇಟ್ ಮಾಡಬಹುದು ಅಂತ ಮಿತಿ ಇರೋ ಒಂದೇ ಕೀ, ಪ್ರತಿ ಮಷಿನ್ ಮೈಕ್ರೋಸಾಫ್ಟ್ ಸರ್ವರ್‌ಗೆ ಹೋಗಿ ಅದರಲ್ಲಿ ಒಂದನ್ನ ತಿಂದು ಬರುತ್ತೆ. ಇದು ಗುಟ್ಟಾಗಿರಬೇಕಾದ್ದು. ಇನ್ನು ಕೆಎಂಎಸ್ (ಕಂಪನಿಯೊಳಗೇ ಇಡೋ ಆ್ಯಕ್ಟಿವೇಶನ್ ಸರ್ವರ್) ಕ್ಲೈಂಟ್ ಕೀ, ಜಿವಿಎಲ್‌ಕೆ ಅಂತಾರೆ. ಇದರಲ್ಲಿ ಗುಟ್ಟೇ ಇಲ್ಲ. ಮೈಕ್ರೋಸಾಫ್ಟೇ ಪಟ್ಟಿ ಮಾಡಿ ಹಾಕಿದೆ, 10ಕ್ಕೂ 11ಕ್ಕೂ ಅದೇ. 'ಪ್ರೊ ಹಾಕು', 'ಎಂಟರ್‌ಪ್ರೈಸ್ ಹಾಕು' ಅಂತ ಸೆಟಪ್‌ಗೆ ಹೇಳೋದಷ್ಟೇ ಅದರ ಕೆಲಸ. ಅದೊಂದರಿಂದಲೇ ಯಾವ ಮಷಿನ್ನೂ ಆ್ಯಕ್ಟಿವೇಟ್ ಆಗಲ್ಲ.

ಹಾಗಾಗಿ ಎಂಎಕೆ ಅಳಿಸಿ, ಅದೇ ಜಾಗದಲ್ಲಿ ನಿಮ್ಮ ಎಡಿಷನ್‌ನ ಜಿವಿಎಲ್‌ಕೆ ಹಾಕಿ. ವಾಲ್ಯೂಮ್ ಮೀಡಿಯಾ (ಕಂಪನಿಗಳಿಗೆ ಸಗಟು ಲೈಸನ್ಸ್ ಜೊತೆ ಕೊಡೋ ಇನ್‌ಸ್ಟಾಲ್ ಪ್ರತಿ) ಬಳಸ್ತಿದ್ದೀರಿ ತಾನೇ? ಸೆಟಪ್ ನಿಲ್ಲಲ್ಲ, ಏನೂ ಕೇಳಲ್ಲ. ಆ್ಯಕ್ಟಿವೇಶನ್ ಅನ್ನೋದು ಇನ್‌ಸ್ಟಾಲ್ ಮುಗಿದ ಮೇಲೆ ಬೇರೆಯಾಗಿ ಮಾಡೋ ಕೆಲಸ. ಇನ್‌ಸ್ಟಾಲ್ ಫೈಲಿಗೂ ದುಡ್ಡು ಕೊಟ್ಟು ಕೊಂಡ ಕೀಗೂ ಮುಖಾಮುಖಿನೇ ಆಗಬಾರದು, ನನ್ನ ವಾದ ಅಷ್ಟೇ.

ಲ್ಯಾಮಿಂಗ್ಟನ್_ಕೌಂಟರ್ (ಮುಂಬೈ)

ಇಷ್ಟು ಮಂಡೆಬಿಸಿ ಎಂತಕ್ಕೆ ಮಾರಾಯ್ರೆ? ಎಂಎಕೆಗೆ ಹೇಗೂ ಲಿಮಿಟ್ ಉಂಟು. ಯಾರಾದ್ರೂ ನಾಲ್ಕು ಮನೆ ಪಿಸಿಗೆ ಹಾಕಿದ್ರೂ ಕಂಪನಿ ಮುಳುಗುದಿಲ್ಲ. ಗ್ರ್ಯಾಂಟ್ ರೋಡ್ ಸ್ಟೇಷನ್‌ನಲ್ಲಿ ಇಳಿದು ನಮ್ಮ ಲ್ಯಾಮಿಂಗ್ಟನ್ ರೋಡಿನ ಕಂಪ್ಯೂಟರ್ ಅಂಗಡಿಗಳಿಗೆ ನಡೆದು ಬರುವಷ್ಟರಲ್ಲಿ ಚೀಟಿಯಲ್ಲಿ ಕೀ ಬರೆದು ಕೊಡುವವರು ಸಿಗ್ತಾರೆ. ನಿಮ್ಮ ಭೋಸರಿಯ ಕೀ ಯಾರಿಗೆ ಬೇಕು?

ವೆರ್ಣಾ_1688 (ಗೋವಾ)

ಅಣ್ಣಾ, ಆ ಚೀಟಿಗೆ ಕೀ ಎಲ್ಲಿಂದ ಬರುತ್ತೆ ಅಂದುಕೊಂಡ್ರಿ? ಇಂಥ ತೆರೆದ ಶೇರುಗಳಿಂದಲೂ ಬರುತ್ತೆ.

ಡೊಂಬಿವಿಲಿ_ಸ್ಲೋ (ಮುಂಬೈ)

ಕೌಂಟರ್ ಅಣ್ಣನಿಗೆ ಮಾತಾಡ್ಲಿಕ್ಕೆ ಏನೂ ಉಳೀಲಿಲ್ಲ, ಪಾಪ.

ಅಂಧೇರಿ_ಆಡಿಟ್ (ಮುಂಬೈ)

'ಮುಳುಗುದಿಲ್ಲ' ಅನ್ನೋ ಮಾತಿಗೆ ಸ್ವಲ್ಪ ತಡೆ. ನಾನು ಸಾಫ್ಟ್‌ವೇರ್ ಲೈಸನ್ಸ್ ಲೆಕ್ಕ ನೋಡುವ ಕೆಲಸದಲ್ಲಿದ್ದೇನೆ. ನಕಲಿ ಪ್ರತಿ ಅಂತ ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ 1957ರ ಕಾಪಿರೈಟ್ ಕಾಯ್ದೆಯ 63ಬಿ ಕಲಮಿನ ಪ್ರಕಾರ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, ಜೊತೆಗೆ 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರದ ಲಾಭಕ್ಕಲ್ಲ ಅಂತ ಸಾಬೀತಾದರೆ ಕೋರ್ಟು ಜೈಲು ಬಿಟ್ಟು 50,000ದೊಳಗಿನ ದಂಡ ಮಾತ್ರ ಹಾಕಬಹುದು. ನಿಮ್ಮದು ಕಾರ್ಖಾನೆ, ಆ ರಿಯಾಯಿತಿ ಕೇಳುವುದು ಕಷ್ಟ.

ನಿಮ್ಮ ಕೀ ಹೊರಗೆ ಹೋದರೆ ಜೈಲು ಅಂತ ಹೇಳುತ್ತಿಲ್ಲ. ಆದರೆ ಎಂಎಕೆಯ ಲೆಕ್ಕ ಮತ್ತು ನಿಮ್ಮ ಮಷಿನ್‌ಗಳ ಲೆಕ್ಕ ತಾಳೆ ಆಗದಿದ್ದಾಗ ಉತ್ತರ ಕೊಡಬೇಕಾದವರು ನೀವೇ, ಆ ನಾಲ್ಕು ಮನೆಯವರಲ್ಲ.

ಲ್ಯಾಮಿಂಗ್ಟನ್_ಕೌಂಟರ್ (ಮುಂಬೈ)

ಸರಿ ಸರಿ. ನಾನು ಚೀಟಿ ಮಾರುದಿಲ್ಲ ಮಾರಾಯ್ರೆ, ರಿಪೇರಿ ಮಾತ್ರ. ಸುಮ್ಮನೆ ಇದ್ದದ್ದು ಇದ್ದ ಹಾಗೆ ಹೇಳಿದೆ.

ಭೋಸರಿ_ಶಿಫ್ಟ್2 (ಪುಣೆ)

ವೆರ್ಣಾ ಸರ, ಜಿವಿಎಲ್‌ಕೆ ಹಾಕಿ ಒಂದು ಮಷಿನ್ ಮ್ಯಾಲ ನೋಡ್ದೆ. ಎಲ್ಲೂ ನಿಲ್ಲದ ಪ್ರೊ ಕುಂತೈತಿ. ವಾಲ್ಯೂಮ್ ಮೀಡಿಯಾನ ಐತಿ. ಆದ್ರ ನಮ್ಮಲ್ಲೆ ಕೆಎಂಎಸ್ ಸರ್ವರ್ ಇಲ್ಲ. ಮತ್ತೊಂದು ಫಜೀತಿ: ಪರ್ಚೇಸ್‌ನವರು ಅಗ್ಗಕ್ಕ ಸಿಕ್ಕಾವಂತ 12 ಲ್ಯಾಪ್‌ಟಾಪ್ ತಂದಾರ, ಎಲ್ಲಾ ಹೋಮ್ ಎಡಿಷನ್. ಅವಕ್ಕೂ ಇದ ಫೈಲ್ ಓಡಿಸಿದ್ರ ಪ್ರೊ ಬರ್ತೈತೇನು, ಫರ್ಮ್‌ವೇರಿನ ಹೋಮ್ ಕೀ ಅಡ್ಡ ಬರ್ತೈತೇನು?

ವೆರ್ಣಾ_1688 (ಗೋವಾ)

ಅಡ್ಡ ಬರಲ್ಲ. ಸೆಟಪ್ ಮೊದಲು ನೋಡೋದು ಆನ್ಸರ್ ಫೈಲು, ಅಂದ್ರೆ ನಿಮ್ಮ ಅನ್‌ಅಟೆಂಡ್ ಎಕ್ಸ್‌ಎಂಎಲ್, ಇಲ್ಲಾ ಮೀಡಿಯಾದ ಸೋರ್ಸಸ್ ಫೋಲ್ಡರಿನ ಇಐ ಸಿಎಫ್‌ಜಿ, ಪಿಐಡಿ ಟಿಎಕ್ಸ್‌ಟಿ ಅನ್ನೋ ಫೈಲುಗಳು. ಅವು ಇಲ್ಲದಿದ್ರೆ ಫರ್ಮ್‌ವೇರ್ ಕೀ. ಅದೂ ಇಲ್ಲದಿದ್ರೆ ಮನುಷ್ಯನನ್ನ ಕೇಳುತ್ತೆ. ಫೈಲಿನಲ್ಲಿ ಪ್ರೊ ಜಿವಿಎಲ್‌ಕೆ ಇದ್ರೆ ಪ್ರೊನೇ ಬರುತ್ತೆ. ಕೀ ತಪ್ಪಾಗಿ ಬರೆದಿದ್ರೆ ಮಾತ್ರ ಸೆಟಪ್ ಅಲ್ಲೇ ಫೇಲ್, ಮುಂದಿನ ದಾರಿ ಹುಡುಕಲ್ಲ.

ಅಂಧೇರಿ_ಆಡಿಟ್ (ಮುಂಬೈ)

ಬರುತ್ತೆ, ಆದರೆ ಹಾಕಬಾರದು! ಡೆಸ್ಕ್‌ಟಾಪ್ ವಿಂಡೋಸಿನ ವಾಲ್ಯೂಮ್ ಲೈಸನ್ಸ್ ಅಂದರೆ ಅಪ್‌ಗ್ರೇಡ್ ಲೈಸನ್ಸ್. ಕೆಳಗೆ ಅರ್ಹವಾದ ಒಂದು ವಿಂಡೋಸ್, ಅಂದರೆ ಪ್ರೊ ಥರದ್ದು, ಮೊದಲೇ ಇರಬೇಕು. ಹೋಮ್ ಆ ಪಟ್ಟಿಯಲ್ಲಿ ಇಲ್ಲ. ಆ 12 ಲ್ಯಾಪ್‌ಟಾಪಿಗೆ ಮೊದಲು ಹೋಮ್‌ನಿಂದ ಪ್ರೊಗೆ ದುಡ್ಡು ಕೊಟ್ಟು ಏರಿಸಬೇಕು. ಅಗ್ಗಕ್ಕೆ ತಂದ ಲೆಕ್ಕ ಅಲ್ಲೇ ಕರಗುತ್ತದೆ.

ಇದನ್ನೇ ನಾನು ಎಲ್ಲ ಕಡೆ ನೋಡುವುದು. ತಾಂತ್ರಿಕವಾಗಿ ಆಗುತ್ತದೆ, ಆ್ಯಕ್ಟಿವೇಟೆಡ್ ಅಂತ ಹಸಿರು ಗುರುತೂ ಬರುತ್ತದೆ, ಎಲ್ಲರೂ ನಿರಾಳ. ಆ್ಯಕ್ಟಿವೇಟ್ ಆಗಿದೆ ಅಂದಮಾತ್ರಕ್ಕೆ ಲೈಸನ್ಸ್ ಇದೆ ಅಂತ ಆಗುವುದಿಲ್ಲ.

ಉಳಿದ ಮಷಿನ್‌ಗಳು ಒಇಎಂ ಪ್ರೊ ಆಗಿದ್ದರೆ ಒಂದು ಸಮಾಧಾನ. ಅದೇ ಆವೃತ್ತಿಯ ವಾಲ್ಯೂಮ್ ಲೈಸನ್ಸ್ ಕಂಪನಿಯಲ್ಲಿ ಒಂದಾದರೂ ಇದ್ದರೆ, ವಾಲ್ಯೂಮ್ ಮೀಡಿಯಾದಿಂದ ಆ ಒಇಎಂ ಮಷಿನ್‌ಗಳನ್ನು ಇಮೇಜ್ ಮಾಡಲು ಅನುಮತಿ ಇದೆ. ರೀಇಮೇಜಿಂಗ್ ಹಕ್ಕು ಅಂತ ಹೆಸರು. ಆದರೆ ಒಇಎಂ ಡಿಸ್ಕ್ ತೆಗೆದುಕೊಂಡು ಬೇರೆ ಮಷಿನ್‌ಗಳಿಗೆ ಇಮೇಜ್ ಮಾಡಲು ಇಲ್ಲ.

ಭೋಸರಿ_ಶಿಫ್ಟ್2 (ಪುಣೆ)

ಪರ್ಚೇಸ್‌ನವ್ರಿಗೆ ಇದನ್ನ ಹೇಳಾಕ ನನಗ ಧೈರ್ಯ ಇಲ್ಲ. ಪ್ರಿಂಟ್ ತೆಗದು ಟೇಬಲ್ ಮ್ಯಾಲ ಇಡ್ತೀನಿ.

ಹಿಂಜವಡಿ_ರೂಟ್ (ಪುಣೆ)

ಎಲ್ಲರೂ ಕೀ ಕೀ ಅಂತಿದ್ದೀರಿ, ಆ ಫೈಲಿನಲ್ಲಿ ಅದಕ್ಕಿಂತ ದೊಡ್ಡ ತೂತು ಇರಬೇಕು ನೋಡಿ. ಲೋಕಲ್ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಎಲ್ಲಿದೆ? ಡೊಮೇನ್‌ಗೆ (ಕಂಪನಿ ಮಷಿನ್‌ಗಳನ್ನ ಒಂದೇ ಕಡೆಯಿಂದ ನಿಭಾಯಿಸೋ ಗುಂಪಿಗೆ) ಸೇರಿಸೋ ಅಕೌಂಟಿನ ಪಾಸ್‌ವರ್ಡ್ ಎಲ್ಲಿದೆ? ಅದೂ ಅಲ್ಲೇ ಇರುತ್ತೆ, ಬೆಟ್ ಕಟ್ತೀನಿ. 'ಪ್ಲೇನ್ ಟೆಕ್ಸ್ಟ್ ಫಾಲ್ಸ್' ಅಂತ ಹಾಕಿದ್ದಾರೆ, ಗೋಜಲು ಗೋಜಲಾಗಿ ಕಾಣುತ್ತೆ, ಹಾಗಾಗಿ ಭದ್ರ ಅಂತ ಅನ್ಕೋಬೇಡಿ. ಪಾಸ್‌ವರ್ಡಿನ ಹಿಂದೆ ಒಂದು ಗೊತ್ತಿರೋ ಪದ ಸೇರಿಸಿ ಬೇಸ್64 ಮಾಡಿರ್ತಾರೆ, ಅಷ್ಟೇ. ಅದು ಬೀಗ ಅಲ್ಲ, ಪರದೆ. ಯಾರು ಬೇಕಾದ್ರೂ ಸರಿಸಬಹುದು.

ಇನ್ನೊಂದು. ಶೇರಿನಿಂದ ಫೈಲ್ ತೆಗೆದ ತಕ್ಷಣ ಮುಗೀಲಿಲ್ಲ. ಇನ್‌ಸ್ಟಾಲ್ ಆದ ಪ್ರತಿ ಮಷಿನ್‌ನ ವಿಂಡೋಸ್ ಫೋಲ್ಡರಿನೊಳಗೆ ಪ್ಯಾಂಥರ್ ಅಂತ ಒಂದು ಫೋಲ್ಡರ್ ಇದೆ, ಆನ್ಸರ್ ಫೈಲಿನ ಪ್ರತಿ ಅಲ್ಲಿ ಉಳ್ಕೊಳ್ಳುತ್ತೆ. ಮಷಿನ್ ಯೂಸರ್ ಕೈಗೆ ಕೊಡೋ ಮುಂಚೆ ಅದನ್ನ ಅಳಿಸಿ ಅಂತ ಮೈಕ್ರೋಸಾಫ್ಟ್ ಡಾಕ್ಯುಮೆಂಟೇ ಹೇಳುತ್ತೆ. ಹಳೇ ಮಷಿನ್ ಗುಜರಿಗೆ ಹಾಕ್ತೀರಲ್ಲ, ಆ ಡಿಸ್ಕಿನಲ್ಲೂ ಇರುತ್ತೆ. ಲೋಕಲ್ ಅಡ್ಮಿನ್‌ಗೆ ವಿಂಡೋಸ್ ಲ್ಯಾಪ್ಸ್ ಹಚ್ಚಿ, 2023ರ ಏಪ್ರಿಲ್ ಅಪ್‌ಡೇಟಿನಿಂದ ಅದು ವಿಂಡೋಸ್ ಒಳಗೇ ಇದೆ. ಪ್ರತಿ ಮಷಿನ್‌ಗೆ ಬೇರೆ ಬೇರೆ ಪಾಸ್‌ವರ್ಡ್ ಆಗುತ್ತೆ, ಫೈಲಿನಲ್ಲಿರೋದು ಮೊದಲ ದಿನಕ್ಕೆ ಮಾತ್ರ ಲೆಕ್ಕಕ್ಕೆ ಬರೋದು.

ಆಮೇಲೆ ಗಿಟ್, ಫೈಲಿನ ಹಳೇ ಪ್ರತಿಗಳನ್ನೆಲ್ಲ ಇಟ್ಕೊಳ್ಳೋ ಟೂಲು. ಈ ಫೈಲನ್ನ ಯಾರಾದ್ರೂ ಗಿಟ್‌ಗೆ ಹಾಕಿದ್ದಾರಾ ನೋಡಿ. ಹಾಕಿದ್ರೆ ಇವತ್ತು ಕೀ ಅಳಿಸಿ ಕಮಿಟ್ ಮಾಡಿದ್ರೂ ಹಳೇ ಕಮಿಟ್‌ನಲ್ಲಿ ಹಾಗೇ ಇರುತ್ತೆ.

ಭೋಸರಿ_ಶಿಫ್ಟ್2 (ಪುಣೆ)

ಬೆಟ್ ಗೆದ್ರಿ ನೀವು. ಡೊಮೇನ್ ಪಾಸ್‌ವರ್ಡ್ ಐತಿ. ಗಿಟ್ ಇಲ್ಲ, 'ಫೈನಲ್', 'ಫೈನಲ್ ಹೊಸಾದು', 'ಫೈನಲ್ ಇದ ಖರೇ' ಅಂತ ಫೋಲ್ಡರ್ ಅದಾವು.

ಡೊಂಬಿವಿಲಿ_ಸ್ಲೋ (ಮುಂಬೈ)

'ಫೈನಲ್ ಇದ ಖರೇ' 😂 ನಮ್ಮ ಆಫೀಸಿನವರೂ ಅಲ್ಲೇ ಕೆಲಸ ಮಾಡ್ತಿದ್ರಾ?

ಲ್ಯಾಮಿಂಗ್ಟನ್_ಕೌಂಟರ್ (ಮುಂಬೈ)

ಕೆಎಂಎಸ್ ಇಲ್ಲದಿದ್ರೆ ಸಿಂಪಲ್ ದಾರಿ ಉಂಟಲ್ಲ. ಸೆಟಪ್‌ಕಂಪ್ಲೀಟ್ ಸಿಎಂಡಿ ಅಂತ ಒಂದು ಫೈಲ್ ಮಾಡಿ, ಅದರಲ್ಲಿ ಕೀ ಕೂರಿಸುವ ಕಮಾಂಡ್ ಎಸ್‌ಎಲ್‌ಎಂಜಿಆರ್ ಐಪಿಕೆ ಹಾಕಿ ಎಂಎಕೆ ಕೊಡಿ, ಮತ್ತೆ ಆ್ಯಕ್ಟಿವೇಟ್ ಮಾಡುವ ಎಟಿಒ. ಇನ್‌ಸ್ಟಾಲ್ ಮುಗಿದ ಕೂಡ್ಲೇ ತನ್ನಷ್ಟಕ್ಕೆ ಓಡ್ತದೆ. ಕೊನೆಗೆ ಆ ಫೈಲ್ ತನ್ನನ್ನೇ ಡಿಲೀಟ್ ಮಾಡುವ ಹಾಗೆ ಒಂದು ಲೈನ್.

ಹಿಂಜವಡಿ_ರೂಟ್ (ಪುಣೆ)

ಮಷಿನ್‌ನಲ್ಲಿ ಡಿಲೀಟ್ ಆಗುತ್ತೆ ಸರಿ. ಶೇರಿನಲ್ಲಿ? ಎಕ್ಸ್‌ಎಂಎಲ್‌ನಿಂದ ಸಿಎಂಡಿಗೆ ಕೀ ಮನೆ ಬದಲಾಯಿಸ್ತು, ಅಷ್ಟೇ ಆಗಿದ್ದು.

ವೆರ್ಣಾ_1688 (ಗೋವಾ)

ಮತ್ತೆ ಅದು ಎಲ್ಲ ಮಷಿನ್‌ನಲ್ಲೂ ಓಡೋದೂ ಇಲ್ಲ. ಒಇಎಂ ಕೀ ಬಳಸಿ ಇನ್‌ಸ್ಟಾಲ್ ಆದ ಮಷಿನ್‌ನಲ್ಲಿ ಸೆಟಪ್‌ಕಂಪ್ಲೀಟ್ ಬಂದ್ ಇರುತ್ತೆ, ಎಂಟರ್‌ಪ್ರೈಸ್ ಮತ್ತು ಸರ್ವರ್ ಬಿಟ್ಟು. ಕೆಲವದರಲ್ಲಿ ಓಡುತ್ತೆ, ಕೆಲವದರಲ್ಲಿ ಇಲ್ಲ, ಯಾಕೆ ಅಂತ ತಲೆ ಕೆರ್ಕೊಂಡು ಕೂತವರನ್ನ ನೋಡಿದ್ದೀನಿ.

ಭೋಸರಿಯವರೇ, ನಿಮಗೆ ಬೇಕಾಗಿರೋದು ವಿಎಎಂಟಿ, ಮೈಕ್ರೋಸಾಫ್ಟಿನದೇ ಆ್ಯಕ್ಟಿವೇಶನ್ ನಿಭಾಯಿಸೋ ಟೂಲು. ವಿಂಡೋಸ್ ಎಡಿಕೆ ಅನ್ನೋ ಟೂಲುಗಳ ಕಟ್ಟಿನ ಜೊತೆಗೆ ಬರುತ್ತೆ, ಡೇಟಾಬೇಸ್‌ಗೆ ಎಸ್‌ಕ್ಯೂಎಲ್ ಎಕ್ಸ್‌ಪ್ರೆಸ್ ಸಾಕು. ನಿಮ್ಮ ಒಂದು ಪಿಸಿಯಲ್ಲಿ ಹಾಕ್ಕೊಳ್ಳಿ. ಎಂಎಕೆ ಅದರೊಳಗೆ ಮಾತ್ರ. ಅಲ್ಲಿಂದ ನೆಟ್‌ವರ್ಕಿನ ಮಷಿನ್‌ಗಳನ್ನ ಹುಡುಕಿ, ಕೀ ತಳ್ಳಿ, ಆ್ಯಕ್ಟಿವೇಟ್ ಮಾಡಿ. ಮಷಿನ್‌ಗಳ ಫೈರ್‌ವಾಲ್‌ನಲ್ಲಿ ಡಬ್ಲ್ಯೂಎಂಐ (ದೂರದಿಂದ ಮಷಿನ್ ನಿಭಾಯಿಸೋ ದಾರಿ) ಬಿಟ್ಟಿರಬೇಕು, ಅದೊಂದು ಮರೀಬೇಡಿ. ಇಂಟರ್‌ನೆಟ್ ಇಲ್ಲದ ಮಷಿನ್ ಪರವಾಗಿ ವಿಎಎಂಟಿನೇ ಮೈಕ್ರೋಸಾಫ್ಟ್ ಜೊತೆ ಮಾತಾಡಿ ಕನ್ಫರ್ಮೇಶನ್ ಐಡಿ ತಂದು ಕೊಡುತ್ತೆ. ಆ ಐಡಿ ಡೇಟಾಬೇಸಿನಲ್ಲಿ ಉಳಿಯುತ್ತೆ. ನಾಳೆ ಅದೇ ಹಾರ್ಡ್‌ವೇರ್ ಮೇಲೆ ಮತ್ತೆ ಇನ್‌ಸ್ಟಾಲ್ ಮಾಡಿದ್ರೆ ಅದನ್ನೇ ಮತ್ತೆ ಹಾಕಬಹುದು, ಎಣಿಕೆ ಇನ್ನೊಂದು ತಿನ್ನಲ್ಲ.

ಕಂಪ್ಯೂಟರಿನಿಂದ ಓಡೋ ಸಿಎನ್‌ಸಿ ಯಂತ್ರಗಳ ಪಕ್ಕದ ಮಷಿನ್‌ಗಳು ಬೇರೆ ನೆಟ್‌ವರ್ಕಿನಲ್ಲಿ ಇರುತ್ತವಲ್ಲ, ಅವಕ್ಕೆ ಇದೇ ಸರಿ. ಕೆಎಂಎಸ್ ಅವಕ್ಕೆ ಬೇಡ. ಕೆಎಂಎಸ್ ಆ್ಯಕ್ಟಿವೇಶನ್ 180 ದಿನಕ್ಕೆ ಮಾತ್ರ, ಏಳು ದಿನಕ್ಕೊಮ್ಮೆ ನವೀಕರಿಸೋಕೆ ನೋಡುತ್ತೆ. ಸರ್ವರ್ ಕಾಣದ ಮಷಿನ್ ಅರ್ಧ ವರ್ಷ ಕಳೆದ ಮೇಲೆ ತಕರಾರು ಶುರು ಮಾಡುತ್ತೆ.

ಮಾಟುಂಗ_ಲ್ಯಾಬ್ (ಮುಂಬೈ)

ನಡುವೆ ಬಾಯಿ ಹಾಕ್ತಿದ್ದೇನೆ, ಬೈಬೇಡಿ. ನಾನು ಇಲ್ಲಿ ಮಕ್ಕಳಿಗೆ, ದೊಡ್ಡವರಿಗೆ ಸಂಜೆ ಕಂಪ್ಯೂಟರ್ ಕ್ಲಾಸ್ ತೆಗೊಳ್ತೇನೆ. ಒಂದು ಆಫೀಸಿನವರು ಹಳೆ ಡೆಸ್ಕ್‌ಟಾಪ್ ದಾನ ಕೊಟ್ಟಿದ್ದಾರೆ. ಪಕ್ಕದಲ್ಲಿ ವಿಂಡೋಸ್ ಸ್ಟಿಕರ್ ಉಂಟು, ಅರ್ಧ ಅಳಿಸಿ ಹೋಗಿದೆ. ಸೊನ್ನೆಯೋ ಓ ಅಕ್ಷರವೋ ಗೊತ್ತಾಗುದಿಲ್ಲ. ಹನ್ನೊಂದು ಪಿಸಿಗೂ ಒಂದೇ ಸಲ ಹಾಕುವ ದಾರಿ ಇದ್ದರೆ ಹೇಳಿ.

ಲ್ಯಾಮಿಂಗ್ಟನ್_ಕೌಂಟರ್ (ಮುಂಬೈ)

ಅಕ್ಕಾ, ಸೊನ್ನೆ-ಓ ಚಿಂತೆ ಬಿಡಿ, ಎರಡೂ ಆ ಕೀಯಲ್ಲಿ ಬರುದೇ ಇಲ್ಲ. ಸ್ವರಾಕ್ಷರಗಳೂ ಇಲ್ಲ, ಒಂದು, ಐದು ಕೂಡ ಇಲ್ಲ. ಒಟ್ಟು 24 ಚಿಹ್ನೆ ಮಾತ್ರ, ಹೊಸತರಲ್ಲಿ ಎನ್ ಒಂದು ಸೇರಿದೆ. ಉಪದ್ರ ಕೊಡುದು ಬಿ ಮತ್ತು 8, ಎರಡೂ ಇವೆ. ಟಾರ್ಚ್ ಹಿಡಿದು ಓರೆಯಾಗಿ ನೋಡಿ. ನಾನು ದಿನಾ ಮಾಡುವ ಕೆಲಸ ಇದೇ.

ಹಳೆ ಕಾಲವೇ ಸುಖ. ವಿಂಡೋಸ್ 95ಕ್ಕೆ ಅಂಗಡಿಯಲ್ಲಿ ಎಲ್ಲರಿಗೂ ಒಂದೇ ಮಂತ್ರ: ಮೂರು ಒಂದು, ಅಡ್ಡಗೆರೆ, ಏಳು ಒಂದು. ಕೊನೆಯ ಏಳು ಅಂಕೆ ಕೂಡಿಸಿದ್ರೆ ಏಳರಿಂದ ಭಾಗ ಹೋಗ್ಬೇಕು, ಮುಖ್ಯ ಚೆಕ್ ಅಷ್ಟೆ. ಆ್ಯಕ್ಟಿವೇಶನ್ ಇಲ್ಲ ಎಂತ ಇಲ್ಲ.

ವೆರ್ಣಾ_1688 (ಗೋವಾ)

ಎಕ್ಸ್‌ಪಿ ಕಥೆ ಹೇಳಲಿಲ್ಲ ನೀವು. ಆವಾಗ ವಾಲ್ಯೂಮ್ ಆವೃತ್ತಿಗೆ ಆ್ಯಕ್ಟಿವೇಶನ್ನೇ ಇರಲಿಲ್ಲ, ಕೀ ಒಂದಿದ್ರೆ ಮುಗೀತು. 2001ರ ಅಕ್ಟೋಬರ್ 25ಕ್ಕೆ ಎಕ್ಸ್‌ಪಿ ಅಂಗಡಿಗೆ ಬರೋ ಮುಂಚೆಯೇ ಒಂದು ವಾಲ್ಯೂಮ್ ಕೀ ಸೋರಿತು, ಅದೇ ಒಂದು ಕೀ ಇಡೀ ಜಗತ್ತಿನಲ್ಲಿ ಓಡಿತು. ಮುಂದೆ ಸರ್ವಿಸ್ ಪ್ಯಾಕ್‌ನಲ್ಲಿ ಅದನ್ನ ತಡೆದ್ರು. ವಿಸ್ಟಾದಿಂದ ಎಂಎಕೆ, ಕೆಎಂಎಸ್ ಬಂತು. ಕಂಪನಿಗಳು ಎಲ್ಲಾ ಇನ್‌ಸ್ಟಾಲಿಗೂ ಒಂದೇ ಕೀ ತುಂಬಿಸಿ ಹಂಚ್ತಿದ್ದ ಕಾಲಕ್ಕೆ ಅದೇ ಕೊನೆ. ಭೋಸರಿಯ ಆ ಶೇರು ಮಾತ್ರ ಇನ್ನೂ ಎಕ್ಸ್‌ಪಿ ಕಾಲದಲ್ಲೇ ಇದೆ.

ಹಿಂಜವಡಿ_ರೂಟ್ (ಪುಣೆ)

ಮೇಡಂ, ಮೊದಲು ನೋಡಬೇಕಾದ್ದು ಕೀ ಅಲ್ಲ. ಸ್ಟಿಕರ್ ಇರೋ ಮಷಿನ್ ಅಂದ್ರೆ ವಿಂಡೋಸ್ 7 ಕಾಲದ್ದು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕು, ಅದು ಇರೋದು ಅನುಮಾನ. ಲಿನಕ್ಸ್ ಹಾಕಿ. ಉಬುಂಟು ಆಟೋಇನ್‌ಸ್ಟಾಲ್ ಫೈಲ್ ಒಂದು ಬರೆದು ಕೊಡ್ತೀನಿ, ಹನ್ನೊಂದಕ್ಕೂ ಅದೇ. ಕೀ ಬೇಡ, ಸ್ಟಿಕರ್ ಬೇಡ, ಆಡಿಟ್ ಬೇಡ.

ಅಂಧೇರಿ_ಆಡಿಟ್ (ಮುಂಬೈ)

ಲಿನಕ್ಸಿನವರಿಗೆ ಕೀಯೇ ಇಲ್ಲ ಅನ್ನುವಂತೆ ಮಾತಾಡಬೇಡಿ. ರೆಡ್ ಹ್ಯಾಟಿಗೆ ಸಬ್‌ಸ್ಕ್ರಿಪ್ಶನ್ ಬೇಕು, ಸೂಸೆಗೆ ರಿಜಿಸ್ಟ್ರೇಶನ್ ಕೋಡ್ ಬೇಕು, ಉಬುಂಟು ಪ್ರೊಗೆ ಟೋಕನ್ ಬೇಕು. ಅವನ್ನೂ ಜನ ಇನ್‌ಸ್ಟಾಲ್ ಫೈಲಿನಲ್ಲೇ ತುರುಕುತ್ತಾರೆ.

ಹಿಂಜವಡಿ_ರೂಟ್ (ಪುಣೆ)

ತುರುಕ್ತಾರೆ, ಒಪ್ಕೋತೀನಿ. ಆದ್ರೆ ವ್ಯತ್ಯಾಸ ಇದೆ. ರೆಡ್ ಹ್ಯಾಟ್ ಕಿಕ್‌ಸ್ಟಾರ್ಟ್‌ನಲ್ಲಿ (ಅವರ ಆಟೋ ಇನ್‌ಸ್ಟಾಲ್ ಫೈಲ್) ಯೂಸರ್‌ನೇಮ್ ಪಾಸ್‌ವರ್ಡ್ ಬದಲು ಆ್ಯಕ್ಟಿವೇಶನ್ ಕೀ ಮತ್ತು ಆರ್ಗ್ ಐಡಿ ಕೊಡಬಹುದು. ಅದು ಸೋರಿದ್ರೆ ಯಾರೋ ತಮ್ಮ ಮಷಿನ್ನನ್ನ ನಿಮ್ಮ ಲೆಕ್ಕಕ್ಕೆ ಸೇರಿಸಬಹುದು, ನಿಮ್ಮ ಪೋರ್ಟಲ್‌ಗೆ ಲಾಗಿನ್ ಆಗೋಕಾಗಲ್ಲ. ಆ ಕೀ ಅಳಿಸಿ ಇನ್ನೊಂದು ಮಾಡ್ಕೊಳ್ಳೋದು ನಿಮ್ಮ ಕೈಯಲ್ಲೇ ಇದೆ, ಯಾರ ಹತ್ರಾನೂ ಕೈ ಚಾಚಬೇಕಿಲ್ಲ. ಎಂಎಕೆಯಲ್ಲಿ ಈ ಸವಲತ್ತು ಇಲ್ಲವಲ್ಲ.

ಕುರುಹು ಉಳಿಯೋದು ಮಾತ್ರ ಇಲ್ಲೂ ಇದ್ದದ್ದೇ. ಉಬುಂಟು ಆಟೋಇನ್‌ಸ್ಟಾಲ್ ಫೈಲನ್ನ ವಾರ್ ಲಾಗ್ ಇನ್‌ಸ್ಟಾಲರ್ ಫೋಲ್ಡರಿನಲ್ಲಿ ಬಿಟ್ಟು ಹೋಗುತ್ತೆ. ರೆಡ್ ಹ್ಯಾಟ್ ಅನಕೊಂಡ ಕೆಎಸ್ ಅನ್ನೋ ಫೈಲನ್ನ ರೂಟ್ ಹೋಮ್‌ನಲ್ಲಿ ಇಡುತ್ತೆ. ಅದಕ್ಕೇ ಇನ್‌ಸ್ಟಾಲ್ ಫೈಲಿನಲ್ಲಿ ಟೋಕನ್ ಇಡದೆ, ಮೊದಲ ಬೂಟ್ ಆದ ಮೇಲೆ ಆನ್ಸಿಬಲ್‌ನಿಂದ (ಎಷ್ಟೋ ಮಷಿನ್‌ಗೆ ಒಟ್ಟಿಗೆ ಕೆಲಸ ಹೇಳೋ ಟೂಲು) ರಿಜಿಸ್ಟರ್ ಮಾಡಿ, ಟೋಕನ್ ಅದರ ಬೀಗ ಹಾಕಿದ ಪೆಟ್ಟಿಗೆ ಆನ್ಸಿಬಲ್ ವಾಲ್ಟ್‌ನಲ್ಲಿರಲಿ. ವೆರ್ಣಾ ಅವರು ಹೇಳಿದ್ದೇ, ಇನ್‌ಸ್ಟಾಲ್ ಬೇರೆ, ಲೈಸನ್ಸ್ ಬೇರೆ.

ಮಾಟುಂಗ_ಲ್ಯಾಬ್ (ಮುಂಬೈ)

ಲಿನಕ್ಸಿನಲ್ಲಿ ಕನ್ನಡ ಟೈಪಿಂಗ್ ಆಗ್ತದಾ? ದೊಡ್ಡವರ ಬ್ಯಾಚಿನವರು ಬರುದೇ ಊರಿಗೆ ಕನ್ನಡದಲ್ಲಿ ಮೆಸೇಜ್ ಬರೀಲಿಕ್ಕೆ.

ಹಿಂಜವಡಿ_ರೂಟ್ (ಪುಣೆ)

ಚೆನ್ನಾಗೇ ಆಗುತ್ತೆ ಮೇಡಂ, ಐಬಸ್ ಅಂತಿದೆ. ಇನ್‌ಸ್ಟಾಲ್ ಆದಾಗಲೇ ಕನ್ನಡ ಲೇಔಟ್ ಬರೋ ಹಾಗೆ ಫೈಲಿನಲ್ಲೇ ಬರೆದುಬಿಡ್ತೀನಿ.

ಭೋಸರಿ_ಶಿಫ್ಟ್2 (ಪುಣೆ)

ತಡೀರಿ, ವಿಂಡೋಸ್‌ನಾಗೂ ಅನ್‌ಅಟೆಂಡ್‌ಲೆ ಕನ್ನಡ ಕೀಬೋರ್ಡ್ ಬರ್ತೈತೇನು? ನಮ್ಮ ಸ್ಟೋರ್ಸಿನ್ಯಾಗ ಅರ್ಧ ಮಂದಿ ವಿಜಯಪುರ, ಕಲಬುರ್ಗಿ ಕಡೆಯವ್ರು.

ವೆರ್ಣಾ_1688 (ಗೋವಾ)

ಬರುತ್ತೆ. ಇನ್‌ಪುಟ್‌ಲೊಕೇಲ್ ಅನ್ನೋ ಸಾಲಿನಲ್ಲಿ ಇಂಗ್ಲಿಷ್ ಕೋಡ್ ಆದ ಮೇಲೆ ಅರ್ಧವಿರಾಮ (;) ಹಾಕಿ ಕನ್ನಡದ್ದು ಸೇರಿಸಿ, ಬೇಕಿದ್ರೆ ಮರಾಠಿನೂ. ಇಂಗ್ಲಿಷ್ ಮೊದಲಿರಲಿ, ಇಲ್ಲದಿದ್ರೆ ಲಾಗಿನ್ ಸ್ಕ್ರೀನಿನಲ್ಲಿ ಪಾಸ್‌ವರ್ಡ್ ಕನ್ನಡದಲ್ಲಿ ಹೊಡೆದು ಎಲ್ಲರೂ ನಿಮಗೆ ಫೋನ್ ಮಾಡ್ತಾರೆ.

ಅಂಧೇರಿ_ಆಡಿಟ್ (ಮುಂಬೈ)

ವಿಷಯಕ್ಕೆ ಬರೋಣ. 70ರಲ್ಲಿ ಡೊಮೇನ್‌ನಲ್ಲಿ ಇರುವುದು ಎಷ್ಟು? ಎಲ್ಲಕ್ಕೂ ಎಂಎಕೆಯೇ ಯಾಕೆ ಅಂತ ನನಗೆ ಅರ್ಥ ಆಗಲಿಲ್ಲ.

ಭೋಸರಿ_ಶಿಫ್ಟ್2 (ಪುಣೆ)

52 ಡೊಮೇನ್‌ನಾಗ. ಉಳಿದವು ಶಾಪ್ ಫ್ಲೋರ್, ಹೊರಗ ಅದಾವು.

ವೆರ್ಣಾ_1688 (ಗೋವಾ)

52 ಇದ್ರೆ ಕೆಎಂಎಸ್ ಆರಾಮಾಗಿ ನಡೆಯುತ್ತೆ. ಡೆಸ್ಕ್‌ಟಾಪ್ ವಿಂಡೋಸ್‌ಗೆ ಕನಿಷ್ಠ 25 ಮಷಿನ್ ಬಂದು ಕೇಳಬೇಕು, ಸರ್ವರ್ ಆದ್ರೆ 5. ಅಲ್ಲಿಯವರೆಗೆ ಕೆಎಂಎಸ್ ಎಣಿಸುತ್ತೆ, ಕೊಡಲ್ಲ. ಮಷಿನ್‌ಗಳು ಡಿಎನ್‌ಎಸ್‌ನ (ನೆಟ್‌ವರ್ಕಿನ ವಿಳಾಸ ಪುಸ್ತಕ) ಎಸ್‌ಆರ್‌ವಿ ರೆಕಾರ್ಡ್ ನೋಡಿ ತಾವೇ ಹುಡುಕಿಕೊಂಡು ಬರುತ್ತವೆ, ಪೋರ್ಟ್ 1688. ಫೈರ್‌ವಾಲ್‌ನಲ್ಲಿ ಆ ಪೋರ್ಟ್ ಒಳಗಿನವರಿಗಷ್ಟೇ ಬಿಡಿ. ಕೆಎಂಎಸ್ ಯಾರನ್ನೂ ನೀನ್ಯಾರು ಅಂತ ಕೇಳಲ್ಲ, ಮುಟ್ಟಿದವರಿಗೆಲ್ಲ ಆ್ಯಕ್ಟಿವೇಶನ್ ಕೊಡುತ್ತೆ.

ಇಮೇಜ್ ಕ್ಲೋನ್ ಮಾಡೋದಿದ್ರೆ ಇನ್ನೊಂದು ಎಚ್ಚರ. ನಾನು ಮೊದಲಿದ್ದ ಕಡೆ ವೆಂಡರ್ ಹುಡುಗರು ಒಂದು ಡಿಸ್ಕ್ ತಯಾರು ಮಾಡಿ, ಸಿಸ್‌ಪ್ರೆಪ್ ಜನರಲೈಸ್ (ಮಷಿನ್‌ನ ಸ್ವಂತ ಗುರುತು ಅಳಿಸೋದು) ಮಾಡದೆ ಎಲ್ಲಕ್ಕೂ ನಕಲು ಹೊಡೆದಿದ್ರು. ಎಲ್ಲಾ ಮಷಿನ್‌ಗೂ ಒಂದೇ ಕ್ಲೈಂಟ್ ಐಡಿ. ಕೆಎಂಎಸ್ ಕಣ್ಣಿಗೆ ಅವೆಲ್ಲಾ ಸೇರಿ ಒಂದೇ ಮಷಿನ್. ಎಣಿಕೆ ಮೇಲೆ ಏರೋದೇ ಇಲ್ಲ! ಎಲ್ಲರೂ ನೆಟ್‌ವರ್ಕ್ ಬೈದ್ರು, ಡಿಎನ್‌ಎಸ್ ಬೈದ್ರು, ಕೊನೆಗೆ ಎಸ್‌ಎಲ್‌ಎಂಜಿಆರ್ ಡಿಎಲ್‌ವಿ ಹಾಕಿ ಎರಡು ಮಷಿನ್ ಪಕ್ಕಪಕ್ಕ ಇಟ್ಟು ನೋಡಿದಾಗ ಗೊತ್ತಾಯ್ತು. ರೀಆರ್ಮ್ (ಆ ಗುರುತನ್ನ ಹೊಸದು ಮಾಡೋ ಕಮಾಂಡ್) ಮಾಡಿ ರೀಬೂಟ್ ಮಾಡಿದ ಮೇಲೆ ಸರಿಹೋಯ್ತು. ನಿಮ್ಮದು ಪಿಎಕ್ಸ್‌ಇನಿಂದ ಹೊಸದಾಗಿ ಸೆಟಪ್ ಓಡೋದು, ಈ ಕಾಟ ಇಲ್ಲ.

ಹಿಂಜವಡಿ_ರೂಟ್ (ಪುಣೆ)

ಡೊಮೇನ್ ಇರೋವಾಗ ಕೆಎಂಎಸ್ ಯಾಕೆ? ಎಡಿಬಿಎ ಮಾಡಿ, ಅಂದ್ರೆ ಡೊಮೇನ್ ನಡೆಸೋ ಆ್ಯಕ್ಟಿವ್ ಡೈರೆಕ್ಟರಿ ಮೂಲಕವೇ ಆ್ಯಕ್ಟಿವೇಶನ್. ಸರ್ವರ್ 2012, ವಿಂಡೋಸ್ 8ರಿಂದ ಇದೆ. ಆ್ಯಕ್ಟಿವ್ ಡೈರೆಕ್ಟರಿಯಲ್ಲೇ ಒಂದು ಆಬ್ಜೆಕ್ಟ್ ಕೂರಿಸ್ತಾರೆ, ಜಿವಿಎಲ್‌ಕೆ ಇರೋ ಮಷಿನ್ ಡೊಮೇನ್ ಸೇರಿದ ಕೂಡ್ಲೇ ತಾನೇ ಆ್ಯಕ್ಟಿವೇಟ್ ಆಗುತ್ತೆ. 25ರ ಲೆಕ್ಕ ಇಲ್ಲ. ಕಾಯೋಕೆ ಬೇರೆ ಸರ್ವರ್ ಇಲ್ಲ, 1688 ತೆರೆದು ಅದಕ್ಕೆ ಕಾವಲು ಕೂರೋದೂ ಇಲ್ಲ.

ವೆರ್ಣಾ_1688 (ಗೋವಾ)

ನಮ್ಮ ಪ್ಲಾಂಟಿನಲ್ಲಿ ಡೊಮೇನ್ ಹೊರಗೂ ಮಷಿನ್ ಬೇಕಾದಷ್ಟಿವೆ, ಅವಕ್ಕೂ ಕೆಎಂಎಸ್ಸೇ ನಡೆಯುತ್ತೆ. ಹೆಸರಿನಲ್ಲೇ ಪೋರ್ಟ್ ನಂಬರ್ ಇಟ್ಕೊಂಡವನ ಹತ್ರ ಎಡಿಬಿಎ ಹೊಗಳಿದ್ರೆ ಹೇಗೆ? ಆದ್ರೂ ಈ ಕೇಸಿಗೆ ನೀವು ಹೇಳಿದ್ದೇ ಸರಿ.

ಭೋಸರಿ_ಶಿಫ್ಟ್2 (ಪುಣೆ)

ಹಂಗಾರ ಹಿಂಗ ಮಾಡ್ತೀನಿ. ಫೈಲಿನ್ಯಾಗ ಜಿವಿಎಲ್‌ಕೆ ಮಾತ್ರ. ಡೊಮೇನಿನ 52ಕ್ಕ ಎಡಿಬಿಎ. ಶಾಪ್ ಫ್ಲೋರಿನವಕ್ಕ ವಿಎಎಂಟಿಲೆ ಎಂಎಕೆ. ಹೋಮ್ ಲ್ಯಾಪ್‌ಟಾಪ್ ಪರ್ಚೇಸ್‌ನವರು ಬಗೀಹರಿಸೂತನಾ ಕಪಾಟಿನ್ಯಾಗ. ಈಗ ಶೇರಿನ್ಯಾಗ ಇಷ್ಟ್ ದಿನ ಬಿದ್ದಿದ್ದ ಎಂಎಕೆಗೆ ಏನ್ ಮಾಡ್ಲಿ?

ಅಂಧೇರಿ_ಆಡಿಟ್ (ಮುಂಬೈ)

ವಿಎಎಂಟಿಯಲ್ಲಿ ಆ ಕೀ ಹಾಕಿ ರಿಫ್ರೆಶ್ ಕೊಟ್ಟರೆ ಎಷ್ಟು ಆ್ಯಕ್ಟಿವೇಶನ್ ಉಳಿದಿದೆ ಅಂತ ತೋರಿಸುತ್ತದೆ. ಮೊದಲು ಅದನ್ನು ಬರೆದಿಟ್ಟುಕೊಳ್ಳಿ, ಸ್ಕ್ರೀನ್‌ಶಾಟ್ ಸಮೇತ. ಆಮೇಲೆ ನಿಮ್ಮ ಮಷಿನ್ ಪಟ್ಟಿ ಜೊತೆ ತಾಳೆ ನೋಡಿ.

ಭೋಸರಿ_ಶಿಫ್ಟ್2 (ಪುಣೆ)

ನೋಡ್ದೆ. ಇರಬೇಕಾದ್ದಕ್ಕಿಂತ ಭಾಳ ಕಡಿಮಿ ಉಳಿದಾವು. ನಮ್ಮ ಟ್ರೇನಿ ಟೂಲ್‌ರೂಮಿನ ಹುಡುಗನ ಮ್ಯಾಲ ಕಣ್ಣು ಹಾಕ್ಯಾನ.

ಅಂಧೇರಿ_ಆಡಿಟ್ (ಮುಂಬೈ)

ಆ ಹುಡುಗನ ಮೇಲೆ ಹೋಗಬೇಡಿ ಇವ್ರೇ. ಹಿಂದಿನವರು ಒಂದೇ ಮಷಿನ್ನನ್ನು ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡಿದ್ದರೂ ಪ್ರತಿ ಸಲ ಒಂದು ಹೋಗಿರಬಹುದು. ಟೆಸ್ಟ್ ವರ್ಚುವಲ್ ಮಷಿನ್‌ಗಳೂ ತಿಂದಿರುತ್ತವೆ. ಆನ್ಸರ್ ಫೈಲಿನಲ್ಲೇ ಎಂಎಕೆ ಇಟ್ಟರೆ ಆಗುವ ನಷ್ಟ ಇದೇ, ಕದ್ದವರು ಯಾರು, ನಾವೇ ತಿಂದದ್ದು ಎಷ್ಟು ಅಂತ ಬೇರೆ ಮಾಡಲು ಬರುವುದಿಲ್ಲ. ವಾಲ್ಯೂಮ್ ಲೈಸನ್ಸಿಂಗ್ ಸಪೋರ್ಟಿಗೆ ಬರೆದು ಹೊಸ ಕೀ ಕೇಳಿ, ಹಳೆಯದನ್ನು ತಡೆಯಲು ಹೇಳಿ.

ಲ್ಯಾಮಿಂಗ್ಟನ್_ಕೌಂಟರ್ (ಮುಂಬೈ)

ಮತ್ತೆ ಆ ಗೆಸ್ಟ್ ಬಾಗಿಲು ಮುಚ್ಚಿ ಮಾರಾಯ್ರೆ. ಇಷ್ಟು ಹೊತ್ತು ಎಲ್ಲರೂ ಕೀ ಬಗ್ಗೆ ಜಗಳ ಆಡಿದ್ದು, ಶೇರಿಗೆ ಒಂದು ಪಾಸ್‌ವರ್ಡ್ ಇಡಿ ಅಂತ ಯಾರೂ ಹೇಳ್ಲಿಲ್ಲ.

ಹಿಂಜವಡಿ_ರೂಟ್ (ಪುಣೆ)

ಕೌಂಟರ್ ಅಣ್ಣ ಹೇಳಿದ್ದು ನೂರಕ್ಕೆ ನೂರು. ಓದೋಕೆ ಮಾತ್ರ ಬರೋ ಒಂದು ಅಕೌಂಟ್ ಮಾಡಿ, ಬೇರೆ ಎಲ್ಲೂ ಅದಕ್ಕೆ ಹಕ್ಕು ಕೊಡಬೇಡಿ. ಹೇಗೂ ವಿಂಡೋಸ್ 11ರ 24ಎಚ್2ನಿಂದ ಪ್ರೊದಲ್ಲೂ ಗೆಸ್ಟ್ ಲಾಗಿನ್ ಡೀಫಾಲ್ಟ್ ಆಗಿ ಬಂದ್. ಪಿಎಕ್ಸ್‌ಇಯನ್ನ ಪ್ರತ್ಯೇಕ ವಿಲ್ಯಾನ್‌ಗೆ (ಬೇರ್ಪಡಿಸಿದ ನೆಟ್‌ವರ್ಕ್ ಭಾಗಕ್ಕೆ) ಹಾಕಿ. ಅದು ಫೈಲ್ ಕಳಿಸೋಕೆ ಬಳಸೋ ಟಿಎಫ್‌ಟಿಪಿಗೆ ಪಾಸ್‌ವರ್ಡ್ ಅನ್ನೋದೇ ಇಲ್ಲ, ವೈರ್ ಚುಚ್ಚಿದವರಿಗೆಲ್ಲ ಫೈಲ್ ಕೊಡುತ್ತೆ.

ವೆರ್ಣಾ_1688 (ಗೋವಾ)

ಎಡಿಬಿಎ ಆಬ್ಜೆಕ್ಟ್ ಕೂರಿಸೋಕೆ ಎಂಟರ್‌ಪ್ರೈಸ್ ಅಡ್ಮಿನ್ ಹಕ್ಕು ಬೇಕು. ಇದೆಯಾ ನಿಮ್ಮ ಹತ್ರ?

ಭೋಸರಿ_ಶಿಫ್ಟ್2 (ಪುಣೆ)

ಇಲ್ರಿ, ಅದು ಹೆಡ್ಡಾಫೀಸಿನ್ಯಾಗ, ಕೊಲ್ಹಾಪುರದವರ ಕಡೆ ಐತಿ. ಸೋಮವಾರ ಕೇಳ್ತೀನಿ.

ವೆರ್ಣಾ_1688 (ಗೋವಾ)

ಕೇಳುವಾಗ ಕೆಎಂಎಸ್ ಹೋಸ್ಟ್ ಕೀನೂ ಕೇಳಿ. ಎಡಿಬಿಎಗೆ ಅದೇ ಬೇಕು, ಎಂಎಕೆ ನಡೆಯಲ್ಲ. ವಾಟ್ಸಾಪ್‌ನಲ್ಲಿ ಕಳಿಸಬೇಡಿ ಅಂತ ಮೊದಲೇ ಹೇಳಿಬಿಡಿ.